ನೀರಿಗಿಳಿಯದ ಊರಿನಲ್ಲಿ ನಾದಿನಿ ಈಜಿದ್ದು

ಹೊರಡುವ ಮೊದಲು: ಗಾಂಧಿ ಬಜಾರು

ಪೋರ್ಚುಗಲ್ಲಿಗೆ ಹೋಗಿ ಬಂದಿರಂತಲ್ಲ, ಏನೇನು ನೋಡಿದಿರಿ ಎಂದು ಗಾಂಧಿ ಬಜಾರಿನಲ್ಲಿ ತರಕಾರಿ ಕೊಳ್ಳುವಾಗ ಸಿಕ್ಕವರೆಲ್ಲ ಕೇಳುತ್ತಾರೆ. ಕೋಟೆ, ಅರಮನೆಗಳ ಮಾತು ಬರುತ್ತದೆಂದು ಕಾಯುತ್ತಾರೆ. ನಾವು ನೋಡಿದ್ದು ಮೂರು ಬೀಚು ಮಾತ್ರ. ಒಂದರಲ್ಲಿ ನೀರಿರಲಿಲ್ಲ. ಇನ್ನೊಂದರಲ್ಲಿ ನೀರಿದ್ದರೂ ಕಾಣಲಿಲ್ಲ. ಮೂರನೆಯದರಲ್ಲಿ ಇತ್ತು, ಕಾಣುತ್ತಲೂ ಇತ್ತು, ಇಳಿಯುವವರು ಯಾರೂ ಇರಲಿಲ್ಲ. ಇಷ್ಟು ಹೇಳುವಷ್ಟರಲ್ಲಿ ಕೇಳಿದವರು ಹೀರೇಕಾಯಿ ಆರಿಸತೊಡಗಿರುತ್ತಾರೆ. ಅದಕ್ಕೇ ಬರೆದುಬಿಡುತ್ತಿದ್ದೇನೆ.

ಹೋಗಬೇಕೆಂದು ಹಟ ಹಿಡಿದವಳು ನನ್ನ ನಾದಿನಿ ವಿಶಾಲಾಕ್ಷಿ, ನನ್ನ ಯಜಮಾನರ ತಂಗಿ. ಟೆಲಿಫೋನ್ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಮದುವೆಯಾಗಲಿಲ್ಲ; ಆಗಲಿಲ್ಲವೆಂದು ಕೊರಗಿದ್ದನ್ನು ನಾನಂತೂ ನೋಡಿಲ್ಲ. ಹನುಮಂತನಗರದಲ್ಲಿ ಒಬ್ಬಳೇ ಇದ್ದಾಳೆ. ನಿವೃತ್ತಿಯಾದ ಮೇಲೆ ಈಜುಕೊಳದ ಹೆಂಗಸರ ಬ್ಯಾಚಿಗೆ ಸೇರಿ ಈಜು ಕಲಿತಳು. ಕಲಿತಳು ಅಂದರೆ ಏಕಾದಶಿಯ ಉಪವಾಸದ ಹಾಗೆ ಹಿಡಿದಳು, ಒಂದು ದಿನ ತಪ್ಪಿಸಿದವಳಲ್ಲ. ಹೋದ ವರ್ಷ ಎದೆನೋವು ಬಂದು ಸ್ಟೆಂಟ್ ಹಾಕಿಸಬೇಕಾಯಿತು. ಕೆಲವು ತಿಂಗಳು ಕಳೆದ ಮೇಲೆ ಡಾಕ್ಟರು ಧಾರಾಳವಾಗಿ ಈಜಿ, ಅತಿ ಮಾಡಬೇಡಿ ಅಂದರು. ನಮ್ಮ ಯಜಮಾನರು ಒಪ್ಪಲಿಲ್ಲ. ಡಾಕ್ಟರಿಗೆ ಅವಳು ಪೇಷಂಟು, ನನಗೆ ತಂಗಿ ಎನ್ನುವುದು ಅವರ ವಾದ. ಈಜು ನಿಂತಿತು.

ಆಮೇಲೆ ಒಂದು ದಿನ ಹಲ್ಲಿನ ಡಾಕ್ಟರ ಹತ್ತಿರ ಹೋದವಳು ಅಲ್ಲಿನ ಗೋಡೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಕೇಳಿ ಹರಿದುಕೊಂಡು ಬಂದಳು. ಬೆಟ್ಟಗಳ ನಡುವೆ ಹಸಿರು ನದಿ, ನದಿಗೊಂದು ಪುಟ್ಟ ಮರಳಿನ ಬೀಚು, ಒಂದು ನರಪಿಳ್ಳೆಯೂ ಇಲ್ಲ. ಕೆಳಗೆ ಪೋರ್ಚುಗಲ್ ಎಂದು ಬರೆದಿತ್ತು.

"ಅತ್ತಿಗೆ, ಕೆಳಗೆ ಟೈಲ್ಸ್ ಇಲ್ದಿರೋ ನೀರಲ್ಲಿ ಒಂದ್ಸಲ ಈಜ್ಬೇಕು," ಅಂದಳು. "ಯಾರೂ ನೋಡ್ತಿರ್ಬಾರ್ದು."

ಯಜಮಾನರು ಮೊದಲು ಕೂಗಾಡಿದರು, ಆಮೇಲೆ ಒಂದು ಷರತ್ತು ಹಾಕಿದರು. ನಾನು ಜೊತೆಗೆ ಹೋಗಬೇಕು. ಎಷ್ಟು ಬೇಕಾದರೂ ನೋಡಿಕೊಂಡು ಬರಲಿ, ಅವಳ ಪಾದ ಮಾತ್ರ ಒದ್ದೆಯಾಗಕೂಡದು. ನಾನು ಹೂಂ ಅಂದೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತಳಾದವಳು ನಾನು. ಮಕ್ಕಳನ್ನು ಹದ್ದುಬಸ್ತಿನಲ್ಲಿಟ್ಟು ಅಭ್ಯಾಸ. ನನಗೆ ಈಜು ಬಾರದು, ಸಂಪಿನ ಮುಚ್ಚಳ ತೆಗೆದಿದ್ದರೆ ಹತ್ತಿರ ಸುಳಿಯುವವಳೂ ಅಲ್ಲ. ಹೀಗೆ ಒಬ್ಬಳು ಈಜುವುದಕ್ಕೆ, ಇನ್ನೊಬ್ಬಳು ಅದನ್ನು ತಡೆಯುವುದಕ್ಕೆ, ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕೂತು ಹೊರಟೆವು.

ಕ್ಯಾಲೆಂಡರಿನ ಬೀಚು

ಆ ದೇಶದ ಒಳನಾಡಿನಲ್ಲಿ ಸಮುದ್ರ ದೂರ. ಅದಕ್ಕೆ ಊರೂರಿನವರು ನದಿಗೆ ಒಂದು ಸಣ್ಣ ಕಟ್ಟೆ ಕಟ್ಟಿ, ನೀರು ನಿಲ್ಲಿಸಿ, ದಡಕ್ಕೆ ಮರಳು ತಂದು ಸುರಿದು ಬೀಚು ಮಾಡಿಕೊಳ್ಳುತ್ತಾರೆ. ಎಲ್ಲ ಸಾರ್ವಜನಿಕ, ಯಾರು ಬೇಕಾದರೂ ಹೋಗಿ ಕೂರಬಹುದು.

ಕ್ಯಾಲೆಂಡರಿನ ಬೀಚಿಗೆ ಬಸ್ಸಿನಲ್ಲಿ ಹೋಗಿ ಇಳಿದೆವು. ಬೆಟ್ಟ ಚಿತ್ರದಲ್ಲಿದ್ದ ಹಾಗೇ ಇತ್ತು. ಮರಳು, ಹುಲ್ಲಿನ ಕೊಡೆಗಳು, ಕಾಲು ತೊಳೆಯುವ ನಲ್ಲಿ, ಎತ್ತರದ ಕುರ್ಚಿಯ ಮೇಲೆ ಕಾವಲಿಗೆ ಕೂತ ಹುಡುಗಿ, ಅವಳ ಪಕ್ಕ ಹಾರುತ್ತಿದ್ದ ಹಸಿರು ಬಾವುಟ, ಎಲ್ಲವೂ ಇದ್ದವು. ನದಿ ಇರಲಿಲ್ಲ. ಕಟ್ಟೆಯ ಬಾಗಿಲು ರಿಪೇರಿಗೆ ಬಂದದ್ದರಿಂದ ನೀರೆಲ್ಲ ಬಿಟ್ಟುಬಿಟ್ಟಿದ್ದರು. ನದಿ ಇರಬೇಕಾದ ಕಡೆ ಕೆಸರು, ಕೆಸರಿನ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ.

ಆಶ್ಚರ್ಯವೆಂದರೆ ಜನ ಬಂದಿದ್ದರು. ಟವೆಲ್ ಹಾಸಿ, ಮೈಗೆ ಎಣ್ಣೆ ಸವರಿಕೊಂಡು, ಆ ಹಳ್ಳದ ಕಡೆ ಮುಖ ಮಾಡಿ ಮಲಗಿದ್ದರು. ಒಬ್ಬಾತ ತನ್ನ ಮಗಳ ತೋಳಿಗೆ ಗಾಳಿ ತುಂಬಿದ ಪಟ್ಟಿ ಕಟ್ಟುತ್ತಿದ್ದ. ಇನ್ನೂ ಎಷ್ಟು ದಿನ ಎಂದು ಕೈಸನ್ನೆಯಲ್ಲಿ ಕೇಳಿದರೆ ಒಬ್ಬರು ಮುದುಕರು, ಬರುತ್ತದೆ, ಎಲ್ಲಿ ಹೋಗುತ್ತದೆ ಎನ್ನುವ ಹಾಗೆ ಭುಜ ಕುಣಿಸಿದರು. ನಮ್ಮೂರಿನಲ್ಲಿ ಕೆರೆ ಒಣಗಿದರೆ ಅದರಲ್ಲಿ ಬಸ್ ಸ್ಟ್ಯಾಂಡ್ ಕಟ್ಟುತ್ತೇವೆ. ಇವರು ಕೊಡೆ ಬಿಚ್ಚಿಕೊಂಡು ಕಾಯುತ್ತಾರೆ.

ವಿಶಾಲಾ ಬಟ್ಟೆ ಬದಲಾಯಿಸುವ ಕೋಣೆಯಿಂದ ಮೊಣಕಾಲಿನವರೆಗಿನ ನೀಲಿ ಈಜುಡುಗೆ ತೊಟ್ಟು, ತಲೆಗೆ ರಬ್ಬರ್ ಟೋಪಿ ಹಾಕಿಕೊಂಡು ಹೊರಗೆ ಬಂದಳು. ಹಳ್ಳ ನೋಡಿದಳು. ಹೋಗಿ ಕೊಡೆಯ ಕೆಳಗೆ ಕೂತಳು. ನಾನು ಚಕ್ಕುಲಿ ಡಬ್ಬಿ ತೆಗೆದೆ. ನನಗಾದ ಸಂತೋಷ ಮುಖದಲ್ಲಿ ಕಾಣದ ಹಾಗೆ ನೋಡಿಕೊಳ್ಳುವುದೇ ಕಷ್ಟವಾಯಿತು.

ಮಂಜಿನ ಕಡಲು

ಹಾಗಾದರೆ ಸಮುದ್ರಕ್ಕೇ ಹೋಗೋಣ, ಅದರ ಬಾಗಿಲು ಯಾರೂ ತೆಗೆಯಲಾರರು ಅಂದಳು ವಿಶಾಲಾ. ಪಶ್ಚಿಮದ ಕಡಲಿಗೆ ಹೋದೆವು. ಅಟ್ಲಾಂಟಿಕ್ಕಿನ ಅಲೆಯಲ್ಲಿ ಈಜುವ ಮಾತೇ ಇಲ್ಲವೆಂದು ನನಗೆ ಧೈರ್ಯವಿತ್ತು. ಅಲೆಯ ಪ್ರಶ್ನೆಯೇ ಬರಲಿಲ್ಲ, ಯಾಕೆಂದರೆ ಸಮುದ್ರ ಕಾಣಲಿಲ್ಲ. ಅಲ್ಲಿ ಬೇಸಿಗೆಯಲ್ಲೂ ಬೆಳಿಗ್ಗೆ ದಟ್ಟ ಮಂಜು ಕವಿಯುತ್ತದೆ. ಚಾಚಿದ ಕೈಯ ಬೆರಳು ಮಸುಕು. ಆ ಮಂಜಿನಲ್ಲೇ ಜನ ಗಾಳಿಗೆ ಅಡ್ಡವಾಗಿ ಬಟ್ಟೆಯ ಪರದೆ ನೆಟ್ಟುಕೊಂಡು, ಸ್ವೆಟರ್ ಹಾಕಿಕೊಂಡು, ಸಮುದ್ರದ ಸದ್ದು ಬರುವ ಕಡೆ ನೋಡುತ್ತ ಕೂತಿದ್ದರು.

ನಾನು ಚೀಲದಿಂದ ಶಾಲು ತೆಗೆದು ತಲೆ ಎತ್ತುವಷ್ಟರಲ್ಲಿ ವಿಶಾಲಾ ಇಲ್ಲ.

ವಿಶಾಲಾ, ವಿಶಾಲಾ ಎಂದು ಕೂಗುತ್ತ ಸದ್ದಿನ ಕಡೆ ನಡೆದೆ. ಮಂಜಿನೊಳಗಿಂದ ಯಾರೋ ಮಾರಿಯಾ ಎಂದು ಕೂಗಿದರು, ಇನ್ಯಾರೋ ರೂಯಿ ಎಂದರು. ಕಳೆದುಕೊಂಡವರೆಲ್ಲ ಕಳೆದುಕೊಂಡವರಿಗೇ ಡಿಕ್ಕಿ ಹೊಡೆದು ಕ್ಷಮೆ ಕೇಳಿ ಮುಂದೆ ಹೋಗುತ್ತಿದ್ದೆವು. ಒಬ್ಬ ದಪ್ಪನೆಯ ಹೆಂಗಸು ನನ್ನ ಕೈ ಹಿಡಿದುಕೊಂಡು ಸ್ವಲ್ಪ ದೂರ ನಡೆದು, ಮುಖ ನೋಡಿ, ತಾನು ಹುಡುಕುತ್ತಿದ್ದ ಅಕ್ಕನಲ್ಲವೆಂದು ತಿಳಿದು ಬಿಟ್ಟಳು.

ಮಂಜು ತೆಳುವಾದಾಗ ವಿಶಾಲಾ ಸಿಕ್ಕಳು. ನೀರಿನ ಹತ್ತಿರ ಹೋಗಿಯೇ ಇರಲಿಲ್ಲ. ದಾರಿ ತಪ್ಪಿ ಯಾವುದೋ ಸಂಸಾರದ ಪರದೆಯೊಳಗೆ ಹೊಕ್ಕಿದ್ದಳು. ಅವರು ಕಂಬಳಿ ಹೊದಿಸಿ, ಬಿಸಿ ಕಾಫಿ ಕೊಟ್ಟು, ಸುಟ್ಟ ಮೀನು ಮುಂದಿಟ್ಟಿದ್ದರು. ಮೀನನ್ನು ನಯವಾಗಿ ದೂರ ಸರಿಸುತ್ತ ಅವಳು ಆ ಮನೆಯ ಅಜ್ಜಿಯ ಜೊತೆ ಮಾತಾಡುತ್ತಿದ್ದಳು. ಪೋರ್ಚುಗೀಸರು ನಮಗೆ ಬಿಟ್ಟುಹೋದ ಪದಗಳು ಅವಳಿಗೆ ಹೇಗೋ ನೆನಪಿದ್ದವು. ಸಾಬೂನು ಅಂದಳು ಇವಳು. ಸಬಾಂವ್ ಅಂದಳು ಅಜ್ಜಿ. ಬಟಾಟೆ. ಬಟಾಟ. ಅನಾನಸ್. ಅನನಾಸ್. ಇಬ್ಬರಿಗೂ ಪರಮ ಸಂತೋಷ. ಬೇರೆ ವಿಷಯ ಮಾತಾಡುವ ಅಗತ್ಯವೇ ಅವರಿಗೆ ಕಾಣಲಿಲ್ಲ.

ಹೊರಟಾಗ ಆ ಮನೆಯ ಸೊಸೆ ಹರಕುಮುರುಕು ಇಂಗ್ಲಿಷಿನಲ್ಲಿ ತನ್ನ ತವರೂರಿನ ಹೆಸರು ಹೇಳಿದಳು. ಬೆಟ್ಟದ ಊರು, ಅಲ್ಲಿಯ ನದಿ ಬೀಚಿನಲ್ಲಿ ಯಾರೂ ನೀರಿಗೇ ಇಳಿಯುವುದಿಲ್ಲ, ಅಷ್ಟು ಪ್ರಶಾಂತ ಎಂದಳು. ಯಾರೂ ಇಳಿಯುವುದಿಲ್ಲ ಎಂದದ್ದಕ್ಕೇ ನಾನು ಒಪ್ಪಿದೆ. ಯಾರೂ ಇರುವುದಿಲ್ಲ ಎಂದುಕೊಂಡು ವಿಶಾಲಾ ಒಪ್ಪಿದಳು.

ಬೆಟ್ಟದ ಊರು

ಆ ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಕಾರಣ ಓದುತ್ತ ತಿಳಿಯುತ್ತದೆ.

ಕಪ್ಪು ಕಲ್ಲಿನ ಮನೆಗಳು, ಕಿಟಕಿಯಲ್ಲಿ ಹೂವಿನ ಕುಂಡ. ಕೆಳಗೆ ಕಟ್ಟೆ ಕಟ್ಟಿ ನಿಲ್ಲಿಸಿದ ಕಡುಹಸಿರು ನೀರು, ಎರಡೂ ಕಡೆ ಮರದ ನೆರಳು, ಒಂದು ಹುಲ್ಲಿನ ಇಳಿಜಾರು. ಅಷ್ಟು ಚೆಲುವಾದ ಜಾಗ ನಾನು ನೋಡಿರಲಿಲ್ಲ. ಹಿಂದಿನ ದಿನ ಸಂಜೆ ಬಂದು ಸೆಲೆಸ್ತೆ ಎಂಬ ವಿಧವೆಯ ಮನೆಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆವು. ಬೆಳಿಗ್ಗೆ ಅವಳು ಕೋಸಿನ ಸೂಪು, ಮೆಕ್ಕೆಜೋಳದ ರೊಟ್ಟಿ ತಂದಿಟ್ಟಳು. ವಿಶಾಲಾ ಮುಟ್ಟಲಿಲ್ಲ. ಅವತ್ತು ಏಕಾದಶಿ.

ಸೆಲೆಸ್ತೆ ಹೆದರಿ ಊರಿನ ಅಧ್ಯಕ್ಷರನ್ನು ಕರೆತಂದಳು. ಹಿಂದೆ ಹಡಗಿನಲ್ಲಿ ಅಡುಗೆಯವರಾಗಿದ್ದ ಈ ಅಧ್ಯಕ್ಷರಿಗೆ ಇಂಗ್ಲಿಷು ಬರುತ್ತಿತ್ತು. ಕಾಯಿಲೆಯಲ್ಲ, ಉಪವಾಸ ಎಂದು ನಾನು ಬಿಡಿಸಿ ಹೇಳಿದೆ. ಆತ ನಿಧಾನವಾಗಿ ಕುರ್ಚಿ ಎಳೆದುಕೊಂಡು ಕೂತರು. ನಿನ್ನೆ ಸಂಜೆಯಿಂದ ಈಕೆ ಏನೂ ತಿಂದಿಲ್ಲವೆ ಎಂದು ಮತ್ತೆ ಮತ್ತೆ ಕೇಳಿದರು. ಇಲ್ಲ. ಈಜು ಬರುತ್ತದೆಯೆ? ಬರುತ್ತದೆ ಎಂದು ವಿಶಾಲಾ ನನಗಿಂತ ಮೊದಲೇ ಉತ್ತರ ಕೊಟ್ಟಳು. ಅಧ್ಯಕ್ಷರು ಎದ್ದು ಅವಳ ಕೈ ಕುಲುಕಿದರು.

ಸಂಗತಿ ಇಷ್ಟು. ಉಂಡದ್ದು ಪೂರ್ತಿ ಅರಗುವವರೆಗೆ ನೀರಿಗೆ ಇಳಿದರೆ ಸಾವು ಖಂಡಿತ ಎಂದು ಆ ಊರಿನವರ ನಂಬಿಕೆ. ಊಟವಾದ ಮೇಲೆ ಸ್ನಾನ ಮಾಡಬಾರದೆಂದು ನಮ್ಮ ಅತ್ತೆಯೂ ಹೇಳುತ್ತಿದ್ದರು, ಅದರಲ್ಲಿ ನನಗೇನೂ ವಿಚಿತ್ರ ಕಾಣಲಿಲ್ಲ. ವಿಚಿತ್ರವೆಂದರೆ ಅವರು ತಿನ್ನುವುದನ್ನು ನಿಲ್ಲಿಸುವುದೇ ಇಲ್ಲ. ಬೆಳಗಿನ ತಿಂಡಿ ಅರಗುವ ಮೊದಲು ರೊಟ್ಟಿ ಚೀಸು, ಅದು ಅರಗುವ ಮೊದಲು ಊಟ, ಊಟದ ಹಿಂದೆ ಹಣ್ಣು, ಕೇಕು. ಎಲ್ಲವನ್ನೂ ಬೀಚಿಗೇ ಬುಟ್ಟಿಯಲ್ಲಿ ತಂದು ತಿನ್ನುತ್ತಾರೆ. ಹೀಗಾಗಿ ಇಡೀ ಊರು ಬೇಸಿಗೆಯುದ್ದಕ್ಕೂ ನೀರಿನ ಮುಂದೆ ಕೂತಿರುತ್ತದೆ, ಇಳಿಯುವ ಅರ್ಹತೆ ಮಾತ್ರ ಯಾರಿಗೂ ಬರುವುದಿಲ್ಲ.

ಈ ವರ್ಷ ಅದು ತೊಂದರೆಗೆ ಬಂದಿತ್ತು. ಯಾರೂ ಈಜದ ಕಡೆ ಬೀಚು ಯಾಕೆ, ಕಾವಲುಗಾರ ಯಾಕೆ, ಬೇಸಿಗೆಯ ಬಸ್ಸು ಯಾಕೆ ಎಂದು ಮೇಲಿನವರು ಕೇಳತೊಡಗಿದ್ದರು. ಬಸ್ಸು ನಿಂತರೆ ಊರೂ ನಿಂತ ಹಾಗೆ. ಒಬ್ಬರು, ಒಂದೇ ಒಂದು ಸಲ, ನೀರಿಗೆ ಇಳಿದು ಈಜಿದರೆ, ಇಲ್ಲಿ ಜನ ಈಜುತ್ತಾರೆ ಎಂದು ಅವರಿಗೆ ಆಣೆ ಮಾಡಿ ಹೇಳಬಹುದಿತ್ತು. ಅಷ್ಟು ಜನರಲ್ಲಿ ಖಾಲಿ ಹೊಟ್ಟೆ ಇದ್ದದ್ದು ಹನುಮಂತನಗರದಿಂದ ಬಂದವಳೊಬ್ಬಳಿಗೇ.

ಬಾಳೆಹಣ್ಣಿನ ವಿಚಾರ

ನಾವು ಬೀಚಿಗೆ ಹೋಗುವಷ್ಟರಲ್ಲಿ ಸುದ್ದಿ ಹಬ್ಬಿತ್ತು. ಕೊಡೆಗಳ ಕೆಳಗೆ ಊರಿಗೆ ಊರೇ ಕೂತಿತ್ತು. ಕಾವಲುಗಾರ ಐವತ್ತು ದಾಟಿದ ಆಳು, ಹೊಟ್ಟೆಯ ಮೇಲೆ ಹಳದಿ ಅಂಗಿ ಬಿಗಿದಿತ್ತು, ಕೊರಳಲ್ಲಿ ಸೀಟಿ. ಜುವಾಂವ್ ಅಂತ ಇಟ್ಟುಕೊಳ್ಳಿ. ಹರೆಯದಲ್ಲಿ ಅವನು ಭಾರೀ ಈಜುಗಾರನಂತೆ. ಈ ಬೇಸಿಗೆ ಅವನು ಸೀಟಿ ಊದಿದ್ದು ಬಾತುಕೋಳಿಗಳಿಗೆ ಮಾತ್ರ.

ಅಷ್ಟರಲ್ಲಿ ವಿಶಾಲಾ, ಫಲಾಹಾರ ಎಂದು ಬೆಳಿಗ್ಗೆ ಒಂದು ಬಾಳೆಹಣ್ಣು ತಿಂದದ್ದನ್ನು ಪ್ರಾಮಾಣಿಕವಾಗಿ ಹೇಳಿಬಿಟ್ಟಳು. ಚರ್ಚೆ ಎದ್ದಿತು. ಬಾಳೆಹಣ್ಣು ಊಟವೇ ಅಲ್ಲವೇ? ಕೆಲವರು ಅಲ್ಲವೇ ಅಲ್ಲ ಎಂದರು. ಸೆಲೆಸ್ತೆಯ ತಮ್ಮ ಬಾಳೆಹಣ್ಣು ಎಲ್ಲಕ್ಕಿಂತ ನಿಧಾನ ಎಂದು ಹೊಟ್ಟೆ ಹಿಡಿದು ತೋರಿಸಿದ. ಕೊನೆಗೆ ಒಂದು ತಾಸು ಕಾಯುವುದೆಂದು ತೀರ್ಮಾನವಾಯಿತು. ಆ ತಾಸಿನಲ್ಲಿ ಎಲ್ಲರೂ ಊಟ ಮಾಡಿದರು. ಜುವಾಂವ್ ಕೂಡ ಆಲೂಗಡ್ಡೆ, ಮೀನಿನ ದೊಡ್ಡ ತಟ್ಟೆ ಖಾಲಿ ಮಾಡಿದ.

ನಾನು ಬೇಡ ಅಂದೆ. ಅವಳ ಹೃದಯದ ವಿಷಯ ಅಧ್ಯಕ್ಷರಿಗೆ ಹೇಳಿದೆ. ಅವರ ಮುಖ ಇಳಿದುಹೋಯಿತು. ಹಾಗಾದರೆ ಖಂಡಿತ ಬೇಡ, ಊರಿಗಿಂತ ಜೀವ ದೊಡ್ಡದು ಎಂದು ಹಿಂದೆ ಸರಿದರು. ವಿಶಾಲಾ ನನ್ನನ್ನು ಮರದ ಕೆಳಗೆ ಕರೆದುಕೊಂಡು ಹೋದಳು.

"ಅತ್ತಿಗೆ, ನಿಮ್ಮ ಮಾತು ನಾನು ಮೀರಲ್ಲ. ನೀವು ಬೇಡ ಅಂದ್ರೆ ಇಳಿಯಲ್ಲ. ಆದ್ರೆ ಬೇಡ ಅಂತಿರೋದು ನೀವಾ, ಅಣ್ಣನಾ?"

ಮೂವತ್ತು ವರ್ಷ ಪ್ರಶ್ನೆ ಕೇಳಿಯೇ ಬದುಕಿದವಳಿಗೆ ನಾದಿನಿ ಪ್ರಶ್ನೆ ಹಾಕಿದ್ದಳು. ಡಾಕ್ಟರು ಈಜಿ ಅಂದಾಗ ಎದುರಿಗೆ ಕೂತಿದ್ದವಳು ನಾನೇ. ನೀರು ಹೇಗಿದೆ ನೋಡಿಕೋ, ಕಟ್ಟೆ ದಾಟಬೇಡ, ಆಯಾಸ ಅನ್ನಿಸಿದ ಕೂಡಲೇ ಬಾ, ಅಂದೆ. ಅವಳು ರಬ್ಬರ್ ಟೋಪಿ ಹಾಕಿಕೊಂಡಳು.

ಅವಳು ಕಲ್ಲಿನ ಮೆಟ್ಟಿಲು ಇಳಿದು, ಮುಖಕ್ಕೆ ಎದೆಗೆ ನೀರು ಚಿಮುಕಿಸಿಕೊಂಡು, ನಿಧಾನವಾಗಿ ಒಳಗೆ ಹೋಗಿ ಕಪ್ಪೆಯ ಹಾಗೆ ಕೈ ಬಿಚ್ಚಿದಳು. ಊರು ಜಗಿಯುವುದನ್ನು ನಿಲ್ಲಿಸಿತು. ಯಾರೂ ನೋಡಬಾರದು ಎಂದವಳನ್ನು ಅಷ್ಟೂ ಜನ ಉಸಿರು ಹಿಡಿದು ನೋಡುತ್ತಿದ್ದರು. ಅವಳು ಕಟ್ಟೆಯ ಕಡೆ ಹೋದರೆ ಜುವಾಂವ್ ದಡದಲ್ಲಿ ಅವಳ ಸಮಕ್ಕೆ ನಡೆಯುತ್ತ ಹೋಗುತ್ತಿದ್ದ, ಅವಳು ತಿರುಗಿದರೆ ತಿರುಗುತ್ತಿದ್ದ. ಅವನ ಹಿಂದೆ ನಾನು. ಬೇರೆ ಯಾರನ್ನೂ ಕಾಯುವ ಕೆಲಸ ನಮ್ಮಿಬ್ಬರಿಗೂ ಇರಲಿಲ್ಲ.

ನಡು ನೀರಿನಲ್ಲಿ ಅವಳು ಥಟ್ಟನೆ ಮಗುಚಿ ಅಂಗಾತವಾದಳು. ಕೈಗಳು ಎರಡೂ ಕಡೆ ಚೆಲ್ಲಿಕೊಂಡವು. ಕಣ್ಣು ಮುಚ್ಚಿದ್ದವು. ಅಲುಗಾಡಲಿಲ್ಲ.

ವಿಶಾಲಾ ಎಂದು ಕಿರುಚಿದೆ. ಕಿವಿ ನೀರೊಳಗಿದ್ದವಳಿಗೆ ಏನು ಕೇಳುತ್ತದೆ? ಜುವಾಂವನ ತೋಳು ಹಿಡಿದೆ. ಅವನನ್ನು ನಾನು ನೂಕಿದೆನೋ, ಅವನೇ ಹಾರಿದನೋ, ಇವತ್ತಿಗೂ ಸರಿಯಾಗಿ ಹೇಳಲಾರೆ. ದೊಡ್ಡ ಸದ್ದಾಯಿತು. ಸ್ವಲ್ಪ ದೂರ ಭರಭರನೆ ಈಜಿದ. ಆಮೇಲೆ ಒಂದು ಕಾಲು ಹಿಡಿದುಕೊಂಡ, ಮುಳುಗಿದ, ಎದ್ದ, ಮತ್ತೆ ಮುಳುಗಿದ. ಹಾರುವಾಗ ಕಚ್ಚಿಕೊಂಡಿದ್ದ ಸೀಟಿ ಬಾಯಲ್ಲೇ ಉಳಿದಿತ್ತು. ಮೇಲೆ ಬಂದಾಗಲೆಲ್ಲ ಅವನ ಉಸಿರಿಗೆ ಅದು ಪೀ ಎಂದು ಕ್ಷೀಣವಾಗಿ ಊದಿಕೊಳ್ಳುತ್ತಿತ್ತು.

ಅವನು ಕಲಕಿದ ನೀರು ಮುಖಕ್ಕೆ ಬಡಿದು ವಿಶಾಲಾ ಕಣ್ಣು ಬಿಟ್ಟು ತಲೆ ಎತ್ತಿದಳು, ಆಗ ಸೀಟಿ ಕೇಳಿಸಿತು. ಅವಳಿಗೆ ಏನೂ ಆಗಿರಲಿಲ್ಲ, ಸುಮ್ಮನೆ ತೇಲುತ್ತಿದ್ದಳು. ಎಲ್ಲೆ ಮೀರಿದೆನೇನೋ, ಅದಕ್ಕೆ ಸೀಟಿ ಊದುತ್ತಿದ್ದಾರೆ ಎಂದು ತಪ್ಪಿತಸ್ಥಳ ಹಾಗೆ ದಡದ ಕಡೆ ತಿರುಗಿದಳಂತೆ. ಆಗ ಅವನನ್ನು ಕಂಡಳು. ಅವನ ಹೆಗಲಿನ ಪಟ್ಟಿಗೆ ಕಟ್ಟಿದ್ದ ಕಿತ್ತಳೆ ಬಣ್ಣದ ತೇಲುದಿಂಬು ಹಿಂದೆ ಬಿದ್ದು ತೇಲುತ್ತಿತ್ತು. ಅದನ್ನು ಹಿಡಿದು ಅವನ ಕಂಕುಳಿಗೆ ತುರುಕಿ, ಪಟ್ಟಿಯನ್ನು ತನ್ನ ಕೈಗೆ ಸುತ್ತಿಕೊಂಡು, ಕಾಲು ಬಡಿಯುತ್ತ ಎಳೆದು ತಂದಳು. ಮೆಟ್ಟಿಲ ಹತ್ತಿರ ನಾನು ಮೊಣಕಾಲುದ್ದ ನೀರಿಗೆ ಇಳಿದು ಅವನ ಅಂಗಿ ಹಿಡಿದು ಜಗ್ಗಿದೆ. ಇಳಿದೆನೆಂದು ನನಗೆ ಗೊತ್ತಾದದ್ದು ಆಮೇಲೆ, ಸೀರೆ ತೊಯ್ದದ್ದು ನೋಡಿ.

ಬೆಟ್ಟದ ಕಡೆ

ತಲೆ ಎತ್ತಿ ನೋಡಿದರೆ ಯಾರೂ ನಮ್ಮ ಕಡೆ ನೋಡುತ್ತಿರಲಿಲ್ಲ. ಸೆಲೆಸ್ತೆ ಎದ್ದು ನಿಂತು ಊರಿನ ಹಿಂದಿನ ಬೆಟ್ಟದ ಕಡೆ ಕೈ ತೋರಿಸುತ್ತಿದ್ದಳು. ಊರಿನ ಅಷ್ಟೂ ಜನ ಆ ಕಡೆಗೇ ತಿರುಗಿ ಕಣ್ಣಿಗೆ ಕೈ ಅಡ್ಡ ಹಿಡಿದಿದ್ದರು. ನಾನೂ ನೋಡಿದೆ. ಬೆಟ್ಟದ ಮೇಲೆ ಏನೂ ಇರಲಿಲ್ಲ. ಜುವಾಂವ್ ಕೆಮ್ಮಿ, ನೀರು ಕಕ್ಕಿ, ನೆಟ್ಟಗೆ ಕೂತು ಅಂಗಿ ಎಳೆದುಕೊಳ್ಳುವವರೆಗೂ ಅವರು ಹಾಗೇ ನೋಡುತ್ತಿದ್ದರು.

ಆಮೇಲೆ ತಿರುಗಿದರು. ಜುವಾಂವ್ ಭಾರತದ ಮಹಿಳೆಯನ್ನು ಉಳಿಸಿದ ಎಂದು ಅಧ್ಯಕ್ಷರು ಘೋಷಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಬಾಯಿ ತೆರೆದೆ. ಅಧ್ಯಕ್ಷರು ಹತ್ತಿರ ಬಂದು ಮೆಲ್ಲಗೆ, ನಾವ್ಯಾರೂ ಏನೂ ನೋಡಿಲ್ಲ, ಕಾವಲುಗಾರನೇ ಮುಳುಗಿದ ಎಂದು ಹೊರಗೆ ಗೊತ್ತಾದರೆ ಅವನೂ ಉಳಿಯುವುದಿಲ್ಲ, ಬೀಚೂ ಉಳಿಯುವುದಿಲ್ಲ ಎಂದರು. ಜುವಾಂವ್ ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದ. ವಿಶಾಲಾ ನಡುಗುತ್ತ ಅವನನ್ನೇ ನೋಡಿದಳು. ಆಮೇಲೆ ಎಲ್ಲರ ಎದುರಿಗೆ ಅವನಿಗೆ ಕೈ ಮುಗಿದು, ನನ್ನ ಜೀವ ಉಳಿಸಿದಿರಿ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದಳು.

ಸಂಜೆ ಅವಳ ಗೌರವಕ್ಕೆ ಔತಣ. ಗೌರವ ಪಡೆದವಳು ಏಕಾದಶಿಯೆಂದು ನೀರು ಕುಡಿಯುತ್ತ ಕೂತಳು, ಉಳಿದವರು ಅವಳ ಪಾಲಿನದನ್ನೂ ತಿಂದರು. ಅದೇ ಹೊತ್ತಿಗೆ ನಮ್ಮ ಯಜಮಾನರ ವಿಡಿಯೋ ಕಾಲ್ ಬಂತು. ನಾನು ಫೋನು ಎತ್ತುವ ಮೊದಲೇ ಅಧ್ಯಕ್ಷರು ಎತ್ತಿಕೊಂಡರು.

"ನಿಮ್ಮ ತಂಗಿ ಮುಳುಗಿದರು," ಎಂದರು ತಮ್ಮ ಹಡಗಿನ ಇಂಗ್ಲಿಷಿನಲ್ಲಿ. "ಬಹಳ ಚೆನ್ನಾಗಿ ಮುಳುಗಿದರು. ಇಡೀ ಊರಿಗೆ ಸಂತೋಷವಾಗಿದೆ."

ಬಸವನಗುಡಿಯ ನಮ್ಮ ಮನೆಯಲ್ಲಿ ಯಜಮಾನರ ಉಸಿರು ಸಿಕ್ಕಿಕೊಂಡಿತು. ಫೋನು ಕಿತ್ತುಕೊಂಡು ವಿಶಾಲಾಳ ಮುಖ ತೋರಿಸಿದ ಮೇಲೆ ಅವರಿಗೆ ಉಸಿರು ಬಂತು. ಬಂದ ಉಸಿರೆಲ್ಲ ನನ್ನ ಮೇಲೆ ಖರ್ಚಾಯಿತು. ನಿನ್ನ ನಂಬಿ ಕಳಿಸಿದೆನಲ್ಲ ಎಂದರು. ನಾನು ಕೇಳಿಸಿಕೊಂಡೆ. ವಿಶಾಲಾ ಫೋನು ತೆಗೆದುಕೊಂಡು, ಅತ್ತಿಗೆ ಕೂಗಿದ್ದರಿಂದಲೇ ಬದುಕಿದೆ ಅಣ್ಣಾ ಅಂದಳು. ಇನ್ನು ಮೇಲೆ ನೀರಿನ ಹತ್ತಿರ ಹೋಗಬೇಡ ಎಂದರು ಅವರು. ಅದಕ್ಕೆ ಅವಳು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಸಿಗ್ನಲ್ ಸರಿಯಿಲ್ಲ ಎಂದು ಇಟ್ಟುಬಿಟ್ಟಳು.

ಮನೆಗೆ ನಡೆಯುವಾಗ ನನಗೆ ತಡೆಯಲಾಗಲಿಲ್ಲ. ಇನ್ನು ಮದುವೆ ಮುಂಜಿಗಳಲ್ಲೆಲ್ಲ ಇದೇ ಕಥೆ, ನೀನು ಮುಳುಗಿದವಳಾಗಿಯೇ ಉಳಿಯುತ್ತೀಯ ಅಂದೆ.

"ಅವನು ಈ ಊರಲ್ಲೇ ಬಾಳ್ಬೇಕಲ್ಲ ಅತ್ತಿಗೆ," ಅಂದಳು. ಸ್ವಲ್ಪ ದೂರ ಹೋದ ಮೇಲೆ, "ಅಲ್ಲಿ ಕೆಳಗಡೆ ಏನಿದೆ ಅಂತ ನೋಡಿದೆ," ಅಂದಳು.

"ಏನಿತ್ತು?"

"ಏನೂ ಇಲ್ಲ. ಹಸಿರು, ಅಷ್ಟೇ. ತುಂಬಾ ಆಳ."

ಮಾರನೆಯ ಬೆಳಿಗ್ಗೆ

ದ್ವಾದಶಿಯ ಪಾರಣೆಗೆಂದು ಬೇಗ ಎದ್ದಿದ್ದೆವು. ಅವಲಕ್ಕಿ ನೆನೆಹಾಕುತ್ತಿದ್ದೆ. ಬಾಗಿಲಲ್ಲಿ ಜುವಾಂವ್ ನಿಂತಿದ್ದ. ಹಳದಿ ಅಂಗಿಗೆ ಇಸ್ತ್ರಿ ಮಾಡಿತ್ತು, ಕೊರಳಲ್ಲಿ ಸೀಟಿ ಇರಲಿಲ್ಲ. ಮಾತಾಡಲು ಅವನಿಗೆ ನಮ್ಮ ಭಾಷೆ ಬಾರದು, ನಮಗೆ ಅವನದು ಬಾರದು. ನದಿಯ ಕಡೆ ತಲೆಯಾಡಿಸಿದ. ವಿಶಾಲಾ ನನ್ನ ಮುಖ ನೋಡಿದಳು. ನಾನು ಅವಳ ಟೋಪಿ ತಂದು ಕೊಟ್ಟೆ.

ಊರು ಇನ್ನೂ ಎದ್ದಿರಲಿಲ್ಲ. ಕೊಡೆಗಳು ಮಡಿಸಿದ್ದವು. ನೀರಿನ ಮೇಲೆ ಆವಿಯ ಹಾಗೆ ತೆಳ್ಳಗೆ ಏನೋ ಏಳುತ್ತಿತ್ತು. ಜುವಾಂವ್ ರಾತ್ರಿ ಮೆಟ್ಟಿಲಿಗೆ ಅಡ್ಡ ಕಟ್ಟಿದ್ದ ಹಗ್ಗ ಬಿಚ್ಚಿದ. ತನ್ನ ಕಾವಲು ಕುರ್ಚಿಯನ್ನು ಎತ್ತಿ, ನದಿಗೆ ಬೆನ್ನು ಬರುವ ಹಾಗೆ ತಿರುಗಿಸಿ ಇಟ್ಟು ಕೂತ. ಆಮೇಲೆ ಎದ್ದು ಹೋಗಿ ಇನ್ನೊಂದು ಕುರ್ಚಿ ತಂದು ಪಕ್ಕಕ್ಕೆ ಹಾಕಿ, ನನ್ನನ್ನು ನೋಡಿದ.

ಕೂತೆ. ಹಿಂದುಗಡೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಬಂತು. ಆಮೇಲೆ ನೀರು ಕಲಕಿದ ಸದ್ದು, ಆಮೇಲೆ ಒಂದೇ ಸಮನೆ ಕೈ ಬೀಸುವ ಸದ್ದು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ತೇಲುತ್ತಿದ್ದಾಳೆ ಅಂದುಕೊಂಡೆ. ಜುವಾಂವ್ ಎರಡೂ ಕೈಯಲ್ಲಿ ಕುರ್ಚಿಯ ಹಿಡಿ ಬಿಗಿದುಕೊಂಡಿದ್ದ. ನಾವಿಬ್ಬರೂ ಬೆಟ್ಟವನ್ನೇ ನೋಡುತ್ತ ಕೂತಿದ್ದೆವು.